ಬಾಡಿಬಿಲ್ಡಿಂಗ್‌ಗೋಸ್ಕರ ಕೆಲಸ ಬಿಡಬೇಕಾ?

“ಎಲ್ಲರಿಗೂ ಸಿಗೋದು ಅದೇ 24 ಗಂಟೆ, ಮನಸ್ಸಿದ್ರೆ ಟೈಮ್ ತಾನಾಗೇ ಸಿಗುತ್ತೆ.” ಜಿಮ್ ರೀಲ್ಸ್ ನೋಡುವ ಯಾರಿಗಾದರೂ ಈ ಡೈಲಾಗ್ ಬಾಯಿಪಾಠ ಆಗಿರುತ್ತೆ. ಹಿಂದೆ ಒಂದು ಡ್ರಮ್ಸ್ ಸೌಂಡು, ಬೆಳಗಿನ ನಾಲ್ಕು ಗಂಟೆಯ ಅಲಾರಂ, ಆಮೇಲೆ ಲ್ಯಾಪ್‌ಟಾಪ್, ಆಮೇಲೆ ಡಂಬೆಲ್. ನೋಡೋಕೆ ಚೆನ್ನಾಗಿರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಸ್ಪರ್ಧೆಗೆ ಇಳಿಯುವ ದೇಹದಾರ್ಢ್ಯ ಪಟುವಿನ ವಿಷಯದಲ್ಲಿ ಈ ಮಾತು ಅರ್ಧಕ್ಕಿಂತ ಹೆಚ್ಚು ಸುಳ್ಳು ಅಂತ ನನ್ನ ಅಭಿಪ್ರಾಯ. ಮತ್ತು ಈ ಸುಳ್ಳನ್ನು ನಂಬಿಕೊಂಡು ನಮ್ಮ ಕಾಲೇಜಿನಲ್ಲೇ ಕೆಲವರು ದೊಡ್ಡ ನಿರ್ಧಾರ ತಗೊಳ್ತಾ ಇದಾರೆ.

ಮೊದಲೇ ಹೇಳಿಬಿಡ್ತೀನಿ, ನಾನು ಬಾಡಿಬಿಲ್ಡರ್ ಅಲ್ಲ. ವಾರಕ್ಕೆ ನಾಲ್ಕು ದಿನ ಜಿಮ್‌ಗೆ ಹೋಗುವ, 61 ಕೆಜಿ ತೂಗುವ ಸೆಕೆಂಡ್ ಇಯರ್ ಹುಡುಗ. ನನ್ನ ಊರು ಹೊನ್ನಾವರ. ನಮ್ಮ ಹಾಸ್ಟೆಲ್‌ನಲ್ಲಿ ಭಟ್ಕಳದ ಒಬ್ಬ ಸೀನಿಯರ್ ಇದ್ದಾರೆ, ಫೈನಲ್ ಇಯರ್. ನಮ್ಮ ಕರಾವಳಿಯವರು ಅಂತ ನನಗೆ ಸ್ವಲ್ಪ ಜಾಸ್ತಿ ಸಲಿಗೆ. ನಿಜವಾಗಲೂ ಒಳ್ಳೇ ಫಿಸಿಕ್ ಇರುವವರು, ಸ್ಟೇಜ್ ಹತ್ತಿದರೆ ಜನ ತಿರುಗಿ ನೋಡ್ತಾರೆ. ಈ ಸೆಮ್‌ನಲ್ಲಿ ಅವರು ಪ್ಲೇಸ್‌ಮೆಂಟ್‌ಗೆ ರಿಜಿಸ್ಟರ್ ಮಾಡಲ್ಲ ಅಂತ ಕೂತಿದ್ದಾರೆ. “ಒಂದು ವರ್ಷ ಫುಲ್ ಟೈಮ್ ಪ್ರೆಪ್ ಮಾಡ್ತೀನಿ, ಕೆಲಸ ಹಿಡಿದ್ರೆ ಇದು ಆಗಲ್ಲ” ಅಂತ ಅವರ ಲೆಕ್ಕ. ಅವರ ಅಪ್ಪ ಗಲ್ಫ್‌ನಲ್ಲಿದ್ದಾರೆ. ಭಟ್ಕಳದ ಕಡೆ ಇದು ಹೊಸ ಸುದ್ದಿ ಏನಲ್ಲ, ಬಹಳ ಮನೆಗಳಲ್ಲಿ ಯಾರಾದರೂ ಒಬ್ಬರು ಅಲ್ಲಿರ್ತಾರೆ. ಮಗ ಎಂಜಿನಿಯರ್ ಆದ ಮೇಲೆ ತಾನು ವಾಪಸ್ ಬರಬಹುದು ಅಂತ ಅವರು ಕಾಯ್ತಾ ಇದಾರಂತೆ. ಒಂದು ವರ್ಷ ಅಂದ್ರೆ ಆ ಮನೆಯಲ್ಲಿ ಬರೀ ಒಂದು ವರ್ಷ ಅಲ್ಲ.

ರೀಲ್ಸ್‌ನವರು “ಎರಡೂ ಆಗುತ್ತೆ, ಎದ್ದು ಕೂತ್ಕೋ” ಅಂತಾರೆ. ನಮ್ಮ ಸೀನಿಯರ್ “ಎರಡೂ ಆಗಲ್ಲ, ಒಂದು ಬಿಡಬೇಕು” ಅಂತಾರೆ. ನನಗೆ ಇಬ್ಬರ ಲೆಕ್ಕವೂ ತಪ್ಪು ಅನ್ಸುತ್ತೆ.

ಜಿಮ್‌ಗೆ ಹೋಗೋದು ಬೇರೆ, ದೇಹದಾರ್ಢ್ಯ ಸ್ಪರ್ಧೆಗೆ ತಯಾರಾಗೋದು ಬೇರೆ. ಜಿಮ್ ಅಂದ್ರೆ ದಿನಕ್ಕೆ ಒಂದೂವರೆ ಗಂಟೆ. ಅಷ್ಟು ಟೈಮ್ ನಾವು ಫೋನ್‌ನಲ್ಲೇ ಕಳೀತೀವಿ, ಅದಕ್ಕೆ ಯಾರೂ ಕೆಲಸ ಬಿಡಬೇಕಾಗಿಲ್ಲ. ಸ್ಪರ್ಧೆಯ ತಯಾರಿ ಅಂದ್ರೆ ಮೂರು, ನಾಲ್ಕು, ಕೆಲವೊಮ್ಮೆ ಆರು ತಿಂಗಳು ದೇಹಕ್ಕೆ ಬೇಕಾದ್ದಕ್ಕಿಂತ ಕಮ್ಮಿ ತಿಂದು, ಸ್ನಾಯು ಕರಗದ ಹಾಗೆ ಕೊಬ್ಬು ಮಾತ್ರ ಕರಗಿಸುವ ಕೆಲಸ. ವಾರಕ್ಕೆ ದೇಹತೂಕದ 0.5ರಿಂದ 1 ಪರ್ಸೆಂಟ್ ಇಳಿಸಬೇಕು ಅಂತ ಸಾಮಾನ್ಯವಾಗಿ ಹೇಳ್ತಾರೆ, ಅದಕ್ಕಿಂತ ಜೋರಾಗಿ ಇಳಿಸಿದರೆ ಕಷ್ಟಪಟ್ಟು ಕಟ್ಟಿದ ಸ್ನಾಯುವೂ ಹೋಗುತ್ತೆ. ಆರೋಗ್ಯವಾಗಿರುವ ನಮ್ಮ ವಯಸ್ಸಿನ ಹುಡುಗರ ದೇಹದಲ್ಲಿ 15 ಪರ್ಸೆಂಟ್ ಆಸುಪಾಸು ಕೊಬ್ಬು ಇರೋದು ಮಾಮೂಲು. ಸ್ಟೇಜ್ ಮೇಲೆ ನಿಲ್ಲುವವರು ಅದನ್ನು 5ರ ಹತ್ತಿರ ತಂದಿರ್ತಾರೆ. ಆ 5 ಪರ್ಸೆಂಟ್‌ನಲ್ಲಿ ಮನುಷ್ಯ ಖುಷಿಯಾಗಿ ಇರಲ್ಲ. ನಿದ್ದೆ ಬರಲ್ಲ, ಚಳಿ ಆಗುತ್ತೆ, ಸಣ್ಣ ಮಾತಿಗೂ ಸಿಟ್ಟು.

2013ರಲ್ಲಿ ಒಂದು ಅಧ್ಯಯನ ಪ್ರಕಟ ಆಗಿತ್ತು. ಔಷಧಿ ತಗೊಳ್ಳದ ಒಬ್ಬ ಬಾಡಿಬಿಲ್ಡರ್‌ನ ಹಿಂದೆ ಒಂದು ವರ್ಷ ಬಿದ್ದು ಅಳೆದಿದ್ದಾರೆ. ಸ್ಪರ್ಧೆಗೆ ಮುಂಚೆ ಆರು ತಿಂಗಳು, ಆದ ಮೇಲೆ ಆರು ತಿಂಗಳು. ಸ್ಪರ್ಧೆ ಹೊತ್ತಿಗೆ ಅವನ ಟೆಸ್ಟೋಸ್ಟಿರಾನ್ ಮೊದಲಿದ್ದದ್ದರ ಕಾಲು ಭಾಗಕ್ಕೆ ಇಳಿದಿತ್ತು. ಹೃದಯದ ಬಡಿತ ನಿಮಿಷಕ್ಕೆ 53 ಇದ್ದದ್ದು 27ಕ್ಕೆ ಬಂದಿತ್ತು. ಶಕ್ತಿ ಕಮ್ಮಿ, ಮನಸ್ಥಿತಿ ಹಾಳು. ಒಬ್ಬನ ಮೇಲೆ ಮಾಡಿದ ಅಧ್ಯಯನ, ಎಲ್ಲರಿಗೂ ಹೀಗೇ ಅಂತ ಹೇಳೋಕಾಗಲ್ಲ, ಒಪ್ತೀನಿ. ಆದ್ರೆ ಈ ಸ್ಥಿತಿಯಲ್ಲಿರುವ ಒಬ್ಬ ಮನುಷ್ಯ ಅದೇ ವಾರ ಆಫೀಸಿನಲ್ಲಿ ಕ್ಲೈಂಟ್ ಕಾಲ್ ತಗೋಬೇಕು, ಅಥವಾ ನಮ್ಮ ಹಾಗೆ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಇಂಟರ್ನಲ್ಸ್ ಬರೀಬೇಕು ಅಂತ ಊಹಿಸಿ. ಗಡಿಯಾರದಲ್ಲಿ ಟೈಮ್ ಇರುತ್ತೆ, ತಲೆಯಲ್ಲಿ ಇರಲ್ಲ. ಸಂಜೆ 6ರಿಂದ 8 ಖಾಲಿ ಇದೆ ಅಂತ ಕ್ಯಾಲೆಂಡರ್ ತೋರಿಸಿದ್ರೆ ಅದು ಬ್ಯಾಲೆನ್ಸ್ ಆಗಲ್ಲ.

ಈಗ ನಮ್ಮೂರಿನ ಒಂದು ಉದಾಹರಣೆ ಹೇಳ್ತೀನಿ. ಹೊನ್ನಾವರದಲ್ಲಿ ನಮ್ಮ ಮನೆ ಹತ್ತಿರದ ಒಬ್ಬ ಅಣ್ಣ ಜಿಲ್ಲಾ ಮಟ್ಟದ ಸ್ಪರ್ಧೆಗಳಿಗೆ ಹೋಗ್ತಾನೆ. ಕೆಲಸ ಕುಮಟಾದಲ್ಲಿ, ಒಂದು ಖಾಸಗಿ ಫೈನಾನ್ಸ್‌ನಲ್ಲಿ. ಹೊನ್ನಾವರದಿಂದ ಕುಮಟಾ 20 ಕಿಲೋಮೀಟರ್ ಆಸುಪಾಸು, ಬಸ್ಸಿನಲ್ಲಿ ಹೋಗಿ ಬರೋದು. ಹೆಸರಿಗೆ ಆಫೀಸ್ ಕೆಲಸ, ಆದ್ರೆ ಅರ್ಧ ದಿನ ಬೈಕ್ ಮೇಲೆ ಸಾಲದ ಕಂತು ವಸೂಲಿಗೆ ಹಳ್ಳಿ ಹಳ್ಳಿ ತಿರುಗೋದು. ತಿಂಗಳ ಕೊನೆಯಲ್ಲಿ ಟಾರ್ಗೆಟ್. ಬೆಳಿಗ್ಗೆ ಐದೂವರೆಗೆ ಜಿಮ್, ಎಂಟೂವರೆಗೆ ಬಸ್, ಮನೆ ಮುಟ್ಟೋದು ರಾತ್ರಿ ಎಂಟು.

ಅವನ ತೂಕ ಸುಮಾರು 72 ಕೆಜಿ. ಕೆಜಿಗೆ 2 ಗ್ರಾಂ ಪ್ರೊಟೀನ್ ಅಂತ ಹಿಡಿದ್ರೆ ದಿನಕ್ಕೆ 144 ಗ್ರಾಂ ಬೇಕು. ಆರು ಮೊಟ್ಟೆಯಲ್ಲಿ 36. ಕಾಲು ಕೆಜಿ ಬಂಗಡೆ ಮಾಂಸದಲ್ಲಿ 50ರ ಹತ್ತಿರ. 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 26. ಒಂದು ಸ್ಕೂಪ್ ವೇ ಪ್ರೊಟೀನ್ ಹಾಕಿದ್ರೆ 24. ಉಳಿದದ್ದು ಅನ್ನ, ಬೇಳೆ, ಮಜ್ಜಿಗೆಯಿಂದ ಬರುತ್ತೆ. ಕಾಗದದ ಮೇಲೆ ಲೆಕ್ಕ ಸಲೀಸು. ಈಗ ಇದನ್ನ ಬೈಕ್ ಮೇಲೆ, ಬಿಸಿಲಲ್ಲಿ, ಯಾರದೋ ಮನೆ ಅಂಗಳದಲ್ಲಿ ಕಂತಿನ ರಸೀದಿ ಬರೆಯುತ್ತಾ ತಿನ್ನಬೇಕು. ಬೇಯಿಸಿದ ಮೊಟ್ಟೆ ಡಬ್ಬಿಯಲ್ಲಿಟ್ಟು ಏಪ್ರಿಲ್ ಬಿಸಿಲಲ್ಲಿ ನಾಲ್ಕು ಗಂಟೆ ತಿರುಗಿದ್ರೆ ಡಬ್ಬಿ ತೆಗೆದಾಗ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಆಫೀಸಿನಲ್ಲಿ ಅದಕ್ಕೆ ಅವನಿಗೆ ಒಂದು ಅಡ್ಡ ಹೆಸರೂ ಇದೆಯಂತೆ, ಇಲ್ಲಿ ಬೇಡ.

ಮೀನಿನ ವಿಷಯದಲ್ಲಿ ನಮ್ಮ ಮೂರೂ ತಾಲ್ಲೂಕಿನವರು ಪುಣ್ಯವಂತರು, ಇದನ್ನ ಯಾವ ಫಿಟ್‌ನೆಸ್ ಚಾನೆಲ್ಲೂ ಹೇಳಲ್ಲ. ಬಂಗಡೆ, ತಾರ್ಲೆ, ಅಘನಾಶಿನಿಯ ಬಳಚು. ಬೆಂಗಳೂರಿನ ಹುಡುಗ ಚಿಕನ್ ಬ್ರೆಸ್ಟ್ ಹುಡುಕಿಕೊಂಡು ಹೋಗುವಾಗ ನಮ್ಮಲ್ಲಿ ಬೆಳಿಗ್ಗೆ ಬಾಗಿಲಿಗೇ ಮೀನಿನ ಬುಟ್ಟಿ ಬರುತ್ತೆ. ಆದ್ರೆ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯೋ ಹಾಗಿಲ್ಲ. ಆಗ ಹಸಿ ಮೀನಿಗೆ ರೇಟು ಏರುತ್ತೆ, ಮನೆಯಲ್ಲಿ ಒಣ ಮೀನು ಶುರುವಾಗುತ್ತೆ, ಅದರಲ್ಲಿ ಉಪ್ಪೇ ಉಪ್ಪು. ಪ್ರೆಪ್‌ನಲ್ಲಿ ಇರುವವರಿಗೆ ಅದು ಆಗಿಬರಲ್ಲ. ಶುದ್ಧ ಸಸ್ಯಾಹಾರಿ ಹವ್ಯಕ ಮನೆಯ ನನ್ನ ಕ್ಲಾಸ್‌ಮೇಟ್‌ಗೆ ಈ ಪ್ಯಾರಾಗ್ರಾಫೇ ಆಗಿಬರಲ್ಲ. ಅವನು ಪನೀರ್, ಸೋಯಾ, ಹಾಲು ಅಂತ ಬೇರೆಯೇ ಲೆಕ್ಕ ಹಾಕ್ತಾನೆ, ತಿಂಗಳ ಕೊನೆಗೆ ಸಾಲ ಕೇಳ್ತಾನೆ.

ಅಣ್ಣನ ವಿಷಯಕ್ಕೆ ಬರ್ತೀನಿ. ಒಂದು ವರ್ಷ ಅವನು ಹದಿನಾಲ್ಕು ವಾರ ಡಯಟ್ ಮಾಡಿದ್ದ. ಸ್ಪರ್ಧೆ ಇದ್ದದ್ದು ತಿಂಗಳ ಕೊನೆಯ ಭಾನುವಾರ. ಶುಕ್ರವಾರ ಮ್ಯಾನೇಜರ್ “ಶನಿವಾರ, ಭಾನುವಾರ ಎರಡೂ ದಿನ ಕಲೆಕ್ಷನ್‌ಗೆ ಬರಲೇಬೇಕು” ಅಂದ್ರಂತೆ. ಹೋದ. ಹದಿನಾಲ್ಕು ವಾರದ ಹಸಿವು ರಸೀದಿ ಪುಸ್ತಕದಲ್ಲಿ ಮುಗೀತು. ಆಗ ಅವನೂ ನಮ್ಮ ಸೀನಿಯರ್ ಥರಾನೇ ಕೆಲಸ ಬಿಡುವ ಯೋಚನೆ ಮಾಡಿದ್ದನಂತೆ. ಬಿಡಲಿಲ್ಲ, ಯಾಕಂದ್ರೆ ಮೊಟ್ಟೆಗೆ ದುಡ್ಡು ಬರ್ತಾ ಇದ್ದದ್ದೇ ಆ ಕೆಲಸದಿಂದ. ಬದಲಿಗೆ ಕ್ರಮ ಬದಲಾಯಿಸಿದ. ಈಗ ವರ್ಷಕ್ಕೆ ಒಂದೇ ಸ್ಪರ್ಧೆ, ಕೆಲವು ವರ್ಷ ಅದೂ ಇಲ್ಲ. ದಿನಾಂಕ ಗೊತ್ತಾದ ಕೂಡಲೇ ಮೊದಲು ಆಫೀಸಿನಲ್ಲಿ ರಜೆ ಬರೆದು ಕೊಡ್ತಾನೆ, ಆಮೇಲೆ ಡಯಟ್ ಶುರು. ಹೋದ ರಜೆಯಲ್ಲಿ ಸಿಕ್ಕಾಗ ಕೇಳಿದ್ದಕ್ಕೆ “ತಮಾ, ರಜೆ ಸಿಗದಿದ್ರೆ ಡಯಟ್ ಶುರು ಮಾಡೂದೇ ಇಲ್ಲ, ಅಷ್ಟೇ” ಅಂದ. ಉಳಿದ ತಿಂಗಳುಗಳಲ್ಲಿ ಅವನು ಆರಾಮಾಗಿ ಆಯಿ ಮಾಡಿದ ಸಾರು ಅನ್ನ ಉಂಡು, ವಾರಕ್ಕೆ ನಾಲ್ಕು ದಿನ ಭಾರ ಎತ್ತಿ, ನಿದ್ದೆ ಮಾಡ್ತಾನೆ.

ನಾನು ಹೇಳಬೇಕು ಅಂತಿರೋ ವಿಷಯ ಇದೇ. ಪ್ರತಿ ದಿನವೂ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗೋಕೆ ಆಗಲ್ಲ. ಆದ್ರೆ ವರ್ಷದಲ್ಲಿ ಇದಕ್ಕೊಂದು ಹಂಗಾಮು, ಅದಕ್ಕೊಂದು ಹಂಗಾಮು ಅಂತ ಹಂಚೋಕೆ ಆಗುತ್ತೆ. ಮತ್ತು ಇದು ನಮ್ಮ ಕರಾವಳಿಯವರಿಗೆ ಯಾವ ಇನ್‌ಫ್ಲುಯೆನ್ಸರೂ ಬಂದು ಕಲಿಸಬೇಕಾದ ವಿದ್ಯೆ ಅಲ್ಲ. ದೋಣಿಗೆ 61 ದಿನ ರಜೆ ಇದೆ, ಆ ದಿನಗಳಲ್ಲಿ ಬಲೆ ಹೊಲೀತಾರೆ, ದೋಣಿ ರಿಪೇರಿ ಮಾಡ್ತಾರೆ. ಯಕ್ಷಗಾನ ಮೇಳಗಳು ಮಳೆ ನಿಂತ ಮೇಲೆ ತಿರುಗಾಟಕ್ಕೆ ಹೊರಟು ಮುಂದಿನ ಮಳೆಗಾಲದ ಹೊತ್ತಿಗೆ ಗೆಜ್ಜೆ ಬಿಚ್ಚುತ್ತವೆ. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಇವತ್ತಿಗೂ ಇದೆ. ನಮ್ಮ ಕಡೆ ಎಷ್ಟೋ ಹವ್ಯಾಸಿ ವೇಷಧಾರಿಗಳು ಹಗಲು ಶಾಲೆಯಲ್ಲಿ ಪಾಠ ಮಾಡ್ತಾರೆ, ತೋಟ ನೋಡ್ತಾರೆ, ಬ್ಯಾಂಕಿನಲ್ಲಿ ಕೂರ್ತಾರೆ. ರಾತ್ರಿಯಿಡೀ ಕಿರೀಟ ಹೊತ್ತು ಕುಣಿಯೋದೂ ದೇಹದ ಕೆಲಸವೇ, ಯಾವ ಲೆಗ್ ಡೇಗೂ ಕಮ್ಮಿ ಇಲ್ಲ. ಅವರು ಯಾರೂ ದಿನಾ ಕುಣಿಯಲ್ಲ, ಮತ್ತು ಅದಕ್ಕಾಗಿ ಮೇಷ್ಟ್ರ ಕೆಲಸವನ್ನೂ ಬಿಡಲ್ಲ.

ಇದಕ್ಕೆ ನಮ್ಮ ಸೀನಿಯರ್ ಕೊಡುವ ಉತ್ತರ ನನಗೆ ಗೊತ್ತು. “ಜಿಲ್ಲಾ ಮಟ್ಟಕ್ಕೆ ಇದೆಲ್ಲ ಸರಿ ಮಾರಾಯ, ಟಾಪ್‌ಗೆ ಹೋಗಬೇಕಾದ್ರೆ ಫುಲ್ ಟೈಮ್ ಬೇಕು.” ಸರಿ, ಟಾಪ್‌ನವರನ್ನೇ ನೋಡೋಣ.

ರಾನಿ ಕೋಲ್ಮನ್. 1998ರಿಂದ 2005ರ ತನಕ ಸತತ ಎಂಟು ಸಲ ಮಿಸ್ಟರ್ ಒಲಿಂಪಿಯಾ. ಅವರು ಓದಿದ್ದು ಅಕೌಂಟಿಂಗ್. ಡಿಗ್ರಿ ಆದ ಮೇಲೆ ಆ ಲೈನ್‌ನಲ್ಲಿ ಕೆಲಸ ಸಿಗದೆ ಪಿಜ್ಜಾ ಅಂಗಡಿಯಲ್ಲಿ ದುಡಿದು, ಆಮೇಲೆ 1989ರಲ್ಲಿ ಟೆಕ್ಸಸ್‌ನ ಆರ್ಲಿಂಗ್ಟನ್ ಪೊಲೀಸ್ ಇಲಾಖೆಗೆ ಸೇರಿದರು. ಮೊದಲ ಒಲಿಂಪಿಯಾ ಗೆದ್ದಾಗ ಅವರು ಇನ್ನೂ ಡ್ಯೂಟಿ ಮೇಲಿದ್ದ ಪೊಲೀಸ್. ಫ್ರ್ಯಾಂಕ್ ಝೇನ್ 1977, 78, 79ರಲ್ಲಿ ಅದೇ ಪ್ರಶಸ್ತಿ ಗೆದ್ದವರು, ಅವರು ಶಾಲೆಯಲ್ಲಿ ಗಣಿತ ಮತ್ತು ಕೆಮಿಸ್ಟ್ರಿ ಪಾಠ ಮಾಡಿದ ಮೇಷ್ಟ್ರು. (ನಮ್ಮ ಎಂ-3 ಸರ್ ಪೋಸಿಂಗ್ ಟ್ರಂಕ್‌ನಲ್ಲಿ ಅಂತ ಕಲ್ಪಿಸಿಕೊಳ್ಳೋಕೆ ಹೋಗಬೇಡಿ, ನಾನು ಹೋಗಿ ಪಶ್ಚಾತ್ತಾಪ ಪಟ್ಟೆ.) ಆರ್ನಾಲ್ಡ್ ಕೂಡ ಅಮೆರಿಕಕ್ಕೆ ಬಂದ ಹೊಸದರಲ್ಲಿ ಫ್ರ್ಯಾಂಕೋ ಕೊಲಂಬು ಜೊತೆ ಇಟ್ಟಿಗೆ ಕಟ್ಟುವ ಗಾರೆ ಕೆಲಸದ ಬಿಸಿನೆಸ್ ಮಾಡಿದವರೇ.

ದೂರ ಯಾಕೆ, ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಜಿ. ಬಾಲಕೃಷ್ಣ 2016ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ನಡೆದ ಸ್ಪರ್ಧೆಯಲ್ಲಿ ಮಿಸ್ಟರ್ ಏಷ್ಯಾ ಆದಾಗ ಪೇಪರ್‌ನಲ್ಲಿ ಬಂದದ್ದು ಅವರು ನೀರಿನ ಟ್ಯಾಂಕರ್ ಓಡಿಸುತ್ತಾರೆ ಅಂತ. ದಿನಕ್ಕೆ 25 ಮೊಟ್ಟೆ, ಮುಕ್ಕಾಲು ಕೆಜಿ ಚಿಕನ್ ಅಂತ ಅವರ ಊಟದ ಲೆಕ್ಕವೂ ಬಂದಿತ್ತು. ಟ್ಯಾಂಕರ್ ಡ್ರೈವರ್ ದುಡ್ಡಿನಲ್ಲಿ ಆ ಊಟ ಹೇಗೆ ಹೊಂದಿಸ್ತಿದ್ರು ಅಂತ ಯೋಚನೆ ಮಾಡಿದ್ರೆ ನನಗೆ ಆ ಪದಕಕ್ಕಿಂತ ಅದೇ ದೊಡ್ಡದು ಅನ್ಸುತ್ತೆ.

ಇವರೆಲ್ಲರ ಕಥೆಯನ್ನೂ ರೀಲ್ಸ್‌ನವರು “ನೋಡಿ, ಮನಸ್ಸಿದ್ರೆ ಮಾರ್ಗ” ಅಂತ ಮುಗಿಸಿಬಿಡ್ತಾರೆ. ನನಗೆ ಕಾಣೋದು ಬೇರೆ. ಇವರ ಕೆಲಸಗಳು ಎಂಥವು ಅಂತ ನೋಡಿ. ಝೇನ್ ಅವರದ್ದು ಬೇಸಿಗೆ ರಜೆ ಇರುವ ಮೇಷ್ಟ್ರ ಕೆಲಸ. ಕೋಲ್ಮನ್ ಅವರದ್ದು ಶಿಫ್ಟ್ ಮುಗಿದ ಮೇಲೆ ಮನೆಗೆ ಹೊತ್ತು ತರಬೇಕಾಗಿಲ್ಲದ ಕೆಲಸ, ಮೈ ಗಟ್ಟಿಯಿದ್ರೆ ಇಲಾಖೆಗೂ ಲಾಭ. ಮನಸ್ಸು ಎಲ್ಲರಿಗೂ ಇತ್ತು, ಆದ್ರೆ ಕೆಲಸದ ಆಕಾರವೂ ಹೊಂದುವಂತಿತ್ತು. ಹಾಗಾಗಿ ನಮ್ಮ ಸೀನಿಯರ್ ಕೇಳಬೇಕಾದ ಪ್ರಶ್ನೆ “ಕೆಲಸ ಬೇಕಾ ಬೇಡ್ವಾ” ಅನ್ನೋದಲ್ಲ, “ಎಂಥ ಕೆಲಸ” ಅನ್ನೋದು. ಹನ್ನೆರಡು ಲಕ್ಷದ ಪ್ಯಾಕೇಜ್ ಕೊಟ್ಟು ರಾತ್ರಿ ಎರಡಕ್ಕೆ ಫೋನ್ ಮಾಡುವ ಕೆಲಸಕ್ಕಿಂತ, ಐದು ಲಕ್ಷ ಕೊಟ್ಟು ಶಿಫ್ಟ್ ಮುಗಿದ ಕೂಡಲೇ ಬಿಟ್ಟುಬಿಡುವ ಪ್ಲಾಂಟ್ ಕೆಲಸ ಬಾಡಿಬಿಲ್ಡರ್‌ಗೆ ಒಳ್ಳೇದಿರಬಹುದು. ಪ್ಲೇಸ್‌ಮೆಂಟ್ ಆಫೀಸಿನಲ್ಲಿ ಈ ಮಾತು ಯಾರೂ ಆಡಲ್ಲ, ಅಲ್ಲಿ ಗೋಡೆ ಮೇಲೆ ಬರೀ ಪ್ಯಾಕೇಜ್ ನಂಬರ್ ಇರುತ್ತೆ.

ಮೈ ಕಟ್ಟಿದ ಮೇಲೆ ಬೇರೆ ಬುದ್ಧಿ ಇರಲ್ಲ ಅಂತ ತಮಾಷೆ ಮಾಡುವವರಿಗೆ ಇಲ್ಲೇ ಒಂದು ಮಾತು. ಕನ್ನಡದಲ್ಲಿ ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಷಿಯಂ ನಡೆಸುತ್ತಿದ್ದ ವ್ಯಾಯಾಮಪಟು. ನಾಟಕಕಾರ ಕೈಲಾಸಂ ಅವರ ಸ್ನೇಹಿತರು. ಅಯ್ಯರ್ ಜೊತೆಗಿದ್ದು ಯೋಗ, ವ್ಯಾಯಾಮದ ಬಗ್ಗೆ ಪುಸ್ತಕ ಬರೆದ ಎಸ್. ಸುಂದರಂ ವೃತ್ತಿಯಲ್ಲಿ ವಕೀಲರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಅಯ್ಯರ್ ಹೆಸರು ಗೊತ್ತಾದದ್ದೇ ನಮ್ಮ ಸಂಘದ ರಾಜ್ಯೋತ್ಸವ ಕ್ವಿಜ್‌ನಲ್ಲಿ. ಅವರ ಹಳೇ ಫೋಟೋ ಹುಡುಕಿ ನೋಡಿ, ಹೊಟ್ಟೆಯ ಮೇಲಿನ ಗೆರೆಗಳನ್ನ ಎಣಿಸಬಹುದು.

ಇನ್ನು ನನಗೆ ನಿಜವಾಗಲೂ ಹೆದರಿಕೆ ಹುಟ್ಟಿಸುವ ವಿಷಯ. ಸ್ಟೀರಾಯ್ಡ್ ಬಗ್ಗೆ ನಾವು ಮಾತಾಡುವಾಗ ಅದನ್ನ ಆಸೆಬುರುಕರ, ಶಾರ್ಟ್‌ಕಟ್‌ನವರ ಚಟ ಅಂತ ತಳ್ಳಿಹಾಕ್ತೀವಿ. ನನಗೆ ಅನ್ಸೋದು, ಅದು ಮುಖ್ಯವಾಗಿ ಟೈಮ್ ಇಲ್ಲದವರಿಗೆ ಮಾರುವ ವಸ್ತು. ಹೊಟ್ಟೆ ತುಂಬಾ ತಿಂದು ಎಂಟು ಗಂಟೆ ಮಲಗುವವನಿಗೆ ದೇಹ ತಾನಾಗಿ ರಿಕವರ್ ಆಗುತ್ತೆ. ಹನ್ನೆರಡು ಗಂಟೆ ಹೊರಗೆ ದುಡಿದು, ಐದು ಗಂಟೆ ಮಲಗಿ, ಮತ್ತೆ ಜಿಮ್‌ಗೆ ಬರುವವನಿಗೆ ಆಗಲ್ಲ. ಅಂಥವನ ಹತ್ತಿರ ಯಾರೋ ಬಂದು “ಒಂದು ಸೈಕಲ್ ಹಾಕು, ನಿದ್ದೆ ಕಮ್ಮಿ ಆದ್ರೂ ನಡೀತದೆ” ಅಂತಾರೆ. “24 ಗಂಟೆ ಎಲ್ಲರಿಗೂ ಒಂದೇ” ಅಂತ ನಂಬಿದವನು, ತನಗೆ ಮಾತ್ರ ಯಾಕೆ ಆಗ್ತಿಲ್ಲ ಅಂತ ನಾಚಿಕೆಪಟ್ಟು, ಆ ಸೂಜಿಗೆ ಒಪ್ಪಿಕೊಳ್ತಾನೆ. ರೀಲ್ ಮಾಡಿದವನು ತಾನೇ ಏನು ಹಾಕ್ತಾನೆ ಅಂತ ರೀಲ್‌ನಲ್ಲಿ ಹೇಳಿರಲ್ಲ.

ಅನಾಬಾಲಿಕ್ ಸ್ಟೀರಾಯ್ಡ್‌ನಿಂದ ಬಿಪಿ ಏರುತ್ತೆ, ಒಳ್ಳೇ ಕೊಲೆಸ್ಟ್ರಾಲ್ ಇಳಿಯುತ್ತೆ, ಹೃದಯದ ಗೋಡೆ ದಪ್ಪ ಆಗುತ್ತೆ, ದೇಹ ತಾನೇ ಟೆಸ್ಟೋಸ್ಟಿರಾನ್ ಮಾಡೋದನ್ನ ನಿಲ್ಲಿಸುತ್ತೆ. ಮಾತ್ರೆ ರೂಪದ ಕೆಲವು ಲಿವರ್ ಮೇಲೂ ಬೀಳುತ್ತವೆ. ನಾಡಾ ನಿಷೇಧ ಹಾಕಿದವರಲ್ಲಿ ದೇಹದಾರ್ಢ್ಯ ಪಟುಗಳ ಹೆಸರು ಮತ್ತೆ ಮತ್ತೆ ಬರ್ತಾನೇ ಇರುತ್ತೆ. ಅಪ್ಪು ಸರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ಹೋದಾಗ ರಾಜ್ಯದ ಎಲ್ಲ ಅಪ್ಪ ಅಮ್ಮಂದಿರೂ ಮಕ್ಕಳಿಗೆ ಜಿಮ್ ಬಿಡು ಅಂದರು. ನಮ್ಮ ಮನೆಯಲ್ಲೂ ಅಂದರು. ವ್ಯಾಯಾಮವನ್ನೇ ಬೈಯೋದು ಸರಿ ಅಂತ ನನಗೆ ಆಗಲೂ ಅನಿಸಿರಲಿಲ್ಲ, ಈಗಲೂ ಅನ್ಸಲ್ಲ. ಆದ್ರೆ ಆ ಭಯದಲ್ಲಿ ಕೇಳಬೇಕಾಗಿದ್ದ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ: ಮಗಾ, ದಿನಕ್ಕೆ ಎಷ್ಟು ಗಂಟೆ ಮಲಗ್ತೀಯ?

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಕೇಳ್ತಾ ಕೇಳ್ತಾ ವರ್ಷಗಳೇ ಆದವು. 2019ರಲ್ಲಿ ಟ್ವಿಟರ್ ಅಭಿಯಾನವೂ ನಡೆಯಿತು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನ ಕರೆದುಕೊಂಡು ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟ್‌ನಲ್ಲಿ ಪಲ್ಟಿಯಾಗಿ ನಾಲ್ಕು ಜನ ಸತ್ತರು. ಆ ವಿಡಿಯೋ ನೀವೂ ನೋಡಿರ್ತೀರಿ. ಎದೆನೋವು ಬಂದ್ರೆ ಮಣಿಪಾಲ ಅಥವಾ ಮಂಗಳೂರಿಗೆ ಓಡಬೇಕಾದ ಊರಿನಲ್ಲಿ ಕೂತು ಹೃದಯದ ಜೊತೆ ಆಟ ಆಡೋದು ಬೆಂಗಳೂರಿನಲ್ಲಿ ಆಡಿದ ಹಾಗೆ ಅಲ್ಲ. ಹಾಗಾಗಿ ಸ್ಪರ್ಧೆ ಮಾಡುವ ನಮ್ಮ ಕಡೆಯ ಹುಡುಗರಿಗೆ ನಿಧಾನವೇ ಸೇಫು. ನಿಧಾನಕ್ಕೆ ವರ್ಷಗಳು ಬೇಕು, ವರ್ಷಗಳಿಗೆ ಸಂಬಳ ಬೇಕು.

ಸಂಬಳದ ವಿಷಯ ಬಂತು. ಈ ಕ್ರೀಡೆಯಲ್ಲಿ ದುಡ್ಡು ಬರೋದು ತುಂಬಾ ಕಮ್ಮಿ ಜನಕ್ಕೆ. ಊರ ಕಡೆ ಯುವಕ ಸಂಘಗಳು ಹೊನಲು ಬೆಳಕಿನ ವಾಲಿಬಾಲ್, ಕಬಡ್ಡಿಗೆ ಕೊಡುವಷ್ಟು ಬಹುಮಾನ ಕೂಡ ಇದಕ್ಕೆ ಇಡೋದು ಅಪರೂಪ. ಎಂಟ್ರಿ ಫೀಸು, ಮೈಗೆ ಹಚ್ಚುವ ಟ್ಯಾನ್, ಬಸ್ ಚಾರ್ಜು, ಲಾಡ್ಜು ಎಲ್ಲ ಕೈಯಿಂದ. ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟ. ಕೇಂದ್ರ ಸರ್ಕಾರ ಕ್ರೀಡಾ ಕೋಟಾದಲ್ಲಿ ಕೆಲಸ ಕೊಡುವ ಆಟಗಳ ಪಟ್ಟಿಯಲ್ಲಿ ದೇಹದಾರ್ಢ್ಯಕ್ಕೆ ಬಹಳ ಕಾಲ ಸ್ವಂತ ಸಾಲೇ ಇರಲಿಲ್ಲ, ಜಿಮ್ನಾಸ್ಟಿಕ್ಸ್ ಅಂತ ಬರೆದು ಪಕ್ಕದ ಕಂಸದೊಳಗೆ ಇದನ್ನೂ ಸೇರಿಸಿದ್ದರು. ಆ ಕಂಸ ಎಷ್ಟು ಜನರ ಬದುಕು ನಡೆಸಿದೆ ಅಂದ್ರೆ, ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ರೈಲ್ವೇಸ್ ತಂಡ ಯಾವಾಗಲೂ ದೊಡ್ಡ ಹೆಸರು. ಭಟ್ಕಳ, ಹೊನ್ನಾವರ, ಕುಮಟಾ ಮೂರರಲ್ಲೂ ರೈಲು ನಿಲ್ಲುತ್ತೆ, ಈ ದಾರಿ ಇದೆ ಅಂತ ನಮ್ಮ ಜಿಮ್‌ಗಳಲ್ಲಿ ಎಷ್ಟು ಹುಡುಗರಿಗೆ ಗೊತ್ತೋ ಕಾಣೆ. ಗಮನಿಸಿ, ದೇಶದ ಅತ್ಯುತ್ತಮ ಬಾಡಿಬಿಲ್ಡರ್‌ಗಳಲ್ಲಿ ಎಷ್ಟೋ ಜನ ಸ್ಪರ್ಧೆ ಮಾಡುತ್ತಿರುವುದೇ ಸರ್ಕಾರಿ ಸಂಬಳದ ಮೇಲೆ. ಫುಲ್ ಟೈಮ್ ಅನ್ನೋದು ಅಲ್ಲೂ ಒಂದು ನೌಕರಿಯ ಮೇಲೆಯೇ ನಿಂತಿದೆ.

ನಮ್ಮ ಸೀನಿಯರ್ ಕಡೆಗೂ ಒಂದು ನ್ಯಾಯ ಇದೆ, ಅದನ್ನ ಮುಚ್ಚಿಡಲ್ಲ. 22 ವರ್ಷ ಮತ್ತೆ ಬರಲ್ಲ. ಜೂನಿಯರ್ ಕೆಟಗರಿಗೆ ವಯಸ್ಸಿನ ಮಿತಿ ಇರುತ್ತೆ. ಟ್ರೈನಿಯಾಗಿ ಸೇರಿದ ಮೊದಲ ವರ್ಷ ಯಾವ ಕಂಪನಿಯೂ ಸ್ಪರ್ಧೆಗೆ ಅಂತ ರಜೆ ಕೊಡಲ್ಲ. ನಾನು ಹೇಳುವ ಹಂಗಾಮಿನ ಲೆಕ್ಕದಲ್ಲಿ ಅವರಿಗೆ ಒಂದು ಒಳ್ಳೆಯ ವರ್ಷ ಕೈತಪ್ಪಬಹುದು. ತಪ್ಪಬಹುದು, ಹೌದು. ಆದ್ರೆ ಸ್ನಾಯು ಗಟ್ಟಿಯಾಗಿ ಕೂರೋಕೆ ಹತ್ತಾರು ವರ್ಷ ತಗೊಳ್ಳುವ ಆಟ ಇದು, ಕೋಲ್ಮನ್ ಮೊದಲ ಒಲಿಂಪಿಯಾ ಗೆದ್ದಾಗ ಅವರ ವಯಸ್ಸು 34. ಕ್ರಿಕೆಟ್ಟೋ ಈಜೋ ಆಗಿದ್ರೆ ನಾನು ಈ ಲೇಖನ ಬರೀತಾನೇ ಇರಲಿಲ್ಲ. ಅದೇ ಕೋಲ್ಮನ್ ಆಮೇಲೆ ಬೆನ್ನಿಗೆ, ಸೊಂಟಕ್ಕೆ ಆಪರೇಷನ್ ಮೇಲೆ ಆಪರೇಷನ್ ಮಾಡಿಸಿಕೊಂಡು ಊರುಗೋಲು ಹಿಡಿದು ನಡೆಯುವ ವಿಡಿಯೋ ಕೂಡ ನೋಡಿ. ಎಷ್ಟು ಪ್ರಶಸ್ತಿ ಇದ್ರೂ ಆ ಬಿಲ್ ಕಟ್ಟೋಕೆ ಏನಾದರೂ ಬೇಕು.

ಕಾಲೇಜು ಏನು ಮಾಡಬಹುದು ಅಂತ ಕೇಳಿದ್ರೆ, ನನ್ನ ಹತ್ತಿರ ದೊಡ್ಡ ಪ್ಲಾನ್ ಏನಿಲ್ಲ. ವಿಟಿಯು ಅಂತರ ಕಾಲೇಜು ಕ್ರೀಡೆಗಳಲ್ಲಿ ವೇಟ್‌ಲಿಫ್ಟಿಂಗ್, ಪವರ್‌ಲಿಫ್ಟಿಂಗ್ ಜೊತೆ ಬೆಸ್ಟ್ ಫಿಸಿಕ್ ಸ್ಪರ್ಧೆಯೂ ಇದೆ. ನಮ್ಮ ನೋಟಿಸ್ ಬೋರ್ಡ್‌ನಲ್ಲಿ ಅದು ಬರೋದು ಕೊನೇ ವಾರಕ್ಕೆ, ಆಗ ಯಾರಿಗೆ ತಯಾರಾಗೋಕೆ ಆಗುತ್ತೆ? ತಯಾರಿಗೆ ನಾಲ್ಕು ತಿಂಗಳು ಬೇಕಾದ ಆಟದ ಸುದ್ದಿ ಸೆಮಿಸ್ಟರ್ ಶುರುವಿನಲ್ಲೇ ಗೊತ್ತಾಗಬೇಕು. 85 ಪರ್ಸೆಂಟ್ ಅಟೆಂಡೆನ್ಸ್ ನಿಯಮದಲ್ಲಿ ಕ್ರಿಕೆಟ್ ತಂಡಕ್ಕೆ ಸಿಗುವ ಓಡಿ, ಸ್ಟೇಜ್ ಹತ್ತುವ ಒಬ್ಬನೇ ಹುಡುಗನಿಗೂ ಸಿಗಬೇಕು. ತಂಡ ಇಲ್ಲದವನ ಪರವಾಗಿ ಫಿಸಿಕಲ್ ಎಜುಕೇಶನ್ ಸರ್ ಹತ್ತಿರ ಹೋಗಿ ಕೇಳೋಕೆ ಕ್ಯಾಪ್ಟನ್ನೂ ಇರಲ್ಲ. ಮತ್ತೆ ಮೆಸ್. ರಾತ್ರಿ ಎಂಟರ ಮೇಲೆ ಬಂದವನಿಗೆ ಸಿಗೋದು ತಣ್ಣಗಿನ ಅನ್ನ ಮತ್ತು ತಳದ ಸಾರು. ಹಾಸ್ಟೆಲ್ ಜಿಮ್ ಮುಚ್ಚೋದು ಎಂಟಕ್ಕೆ. ಇಬ್ಬರಲ್ಲಿ ಒಬ್ಬರು ಅರ್ಧ ಗಂಟೆ ಆಚೀಚೆ ಆದ್ರೆ ಸಾಕು, ನಾಲ್ಕು ಬೇಯಿಸಿದ ಮೊಟ್ಟೆ ಕೂಪನ್‌ಗೆ ಸಿಕ್ಕರೆ ಇನ್ನೂ ಒಳ್ಳೇದು. ಮೆಸ್ ಕಮಿಟಿಗೆ ಬರೆದು ಕೊಟ್ಟಿದ್ದೀವಿ, 43 ಸಹಿ ಆಗಿದೆ. ಪನೀರ್ ಕೂಡ ಸೇರಿಸಿ ಅಂತ ನನ್ನ ಹವ್ಯಕ ಕ್ಲಾಸ್‌ಮೇಟ್ ಜಗಳ ಮಾಡಿ ಎರಡನೇ ಪಾಯಿಂಟ್ ಬರೆಸಿದ್ದಾನೆ.

ಸೀನಿಯರ್ ಅದಕ್ಕೆ ಸಹಿ ಹಾಕಿದ್ದಾರೆ. ಪ್ಲೇಸ್‌ಮೆಂಟ್ ಫಾರ್ಮ್‌ಗೆ ಕೊನೇ ದಿನಾಂಕ ಇನ್ನೂ ಹನ್ನೊಂದು ದಿನ ಇದೆ.